ಡಾಕ್ಟರು ಬರೋ ತನಕ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿರೋದು ಎಸ್.ಎಸ್.ಎಲ್.ಸಿ. ಮಾತ್ರ. ಡಾಕ್ಟರ ಎದುರಿಗೆ ವೈದ್ಯ ಹೇಳುವಷ್ಟು ದೊಡ್ಡವರಲ್ಲ. ಆದರೆ ನಾವು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಹೋದರೆ ಇನ್ನೊಬ್ಬರ ಮನೆ ಹಸುವೂ ಹಾಗೇ ಹೋದೀತು ಎಂದು ನಾಲ್ಕು ಮಾತಾಡಲು ನಿಂತಿದ್ದೇವೆ.

ಹನ್ನೆರಡು ವರ್ಷದ ಹಿಂದೆ ನಮ್ಮ ಸೀಮೆಹಸು ಕೊಟ್ಟಿಗೆಯ ತಗಡು ತಗುಲಿ ತೊಡೆ ಕೊಯ್ದುಕೊಂಡಿತು. ಎರಡು ಹೊತ್ತು ಸೇರಿ 14 ಲೀಟರ್ ಕೊಡುತ್ತಿದ್ದ ಹಸು. ರಕ್ತ ಕಂಡು ನಮಗೆ ಕೈಕಾಲೇ ಆಡಲಿಲ್ಲ. ಒಬ್ಬರು ಸೀಮೆಎಣ್ಣೆ ಅಂದರು, ಒಬ್ಬರು ಬೂದಿ ಅಂದರು, ಎರಡೂ ಹಾಕಿದೆವು. ಹಸು ಸುಸ್ತಾಗಿ ಮಲಗಿತು. ಶಕ್ತಿ ಬರಲೆಂದು ತಲೆ ಎತ್ತಿ ಹಿಡಿದು ಗೊಟ್ಟದಲ್ಲಿ ಬೆಲ್ಲದ ನೀರು ಹುಯ್ದೆವು. ಕೆಮ್ಮಿತು, ಮೂಗಲ್ಲಿ ನೊರೆ ಬಂತು. ಮೂರನೇ ದಿನ ಹೋಯಿತು. "ಗಾಯ ಹೊಲಿದಿದ್ರೆ ವಾಸಿ ಆಗ್ತಿತ್ತು. ನೀರು ಶ್ವಾಸಕೋಶಕ್ಕೆ ಇಳಿದಿದೆ" ಅಂದರು ಡಾಕ್ಟರು. ಗಾಯಕ್ಕಿಂತ ನಮ್ಮ ಉಪಚಾರವೇ ಅದನ್ನು ಕೊಂದಿತು.

ಆಮೇಲೆ ಡಾಕ್ಟರನ್ನು ಕೇಳಿ ಕೇಳಿ ಕಲಿತದ್ದನ್ನು ಹೇಳುತ್ತೇವೆ.

ಮೊದಲು ನಮ್ಮ ಜೋಪಾನ. ನೋವಾದ ಹಸು ಸಾಧುವಾದರೂ ಒದೆಯುತ್ತೆ. ಕರೆಂಟು ತಗುಲಿದ್ರೆ ಫ್ಯೂಸ್ ತೆಗೆಯದೆ ಮುಟ್ಟಲೇಬೇಡಿ. ಆಮೇಲೆ ನೋಡಬೇಕಾದ್ದು ಉಸಿರು, ರಕ್ತ, ವಸಡು. ದೊಡ್ಡ ಹಸು ಸುಮ್ಮನಿದ್ದಾಗ ನಿಮಿಷಕ್ಕೆ ಸುಮಾರು 15ರಿಂದ 30 ಸಲ ಉಸಿರಾಡುತ್ತೆ. ಪಕ್ಕೆ ನೋಡಿ ಎಣಿಸಬಹುದು. ವಸಡನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ತಿರುಗಬೇಕು. ಬಿಳಿಚಿಕೊಂಡಿದ್ದು ಕಿವಿ ತಣ್ಣಗಿದ್ರೆ ಬಹಳ ರಕ್ತ ಹೋಗಿದೆ ಎಂದು ತಿಳಿಯಿರಿ. ಇಷ್ಟನ್ನು ಫೋನಿನಲ್ಲೇ ಹೇಳಿದ್ರೆ ಡಾಕ್ಟರು ಬೇಕಾದ್ದನ್ನು ತಯಾರು ಮಾಡಿಕೊಂಡೇ ಬರ್ತಾರೆ. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ನಂಬರು, ಕರೆಗೆ ದುಡ್ಡಿಲ್ಲ.

ರಕ್ತ ಹರಿಯುತ್ತಿದ್ರೆ ಶುಭ್ರ ಬಟ್ಟೆ ಮಡಿಸಿ ಹತ್ತು ನಿಮಿಷ ಒತ್ತಿ ಹಿಡೀರಿ. ನಿಂತಿತೇ ಅಂತ ಮತ್ತೆ ಮತ್ತೆ ತೆಗೆದು ನೋಡಬೇಡಿ. ಬಟ್ಟೆ ನೆನೆದ್ರೆ ಅದರ ಮೇಲೇ ಇನ್ನೊಂದು ಇಡಿ. ರಕ್ತ ಹೆಚ್ಚಿಲ್ಲದ ಗಾಯವನ್ನು ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆಯಿರಿ. ಲೀಟರಿಗೆ ಎರಡು ಸಣ್ಣ ಚಮಚ ಉಪ್ಪು. ಸೀಮೆಎಣ್ಣೆ, ಸುಟ್ಟ ಆಯಿಲ್, ಬೂದಿ, ಸಗಣಿ ಯಾವುದೂ ಬೇಡ. ಆಳವಾಗಿ ಚುಚ್ಚಿಕೊಂಡ ಗೂಟ, ಕಂಬಿಯನ್ನು ಕೀಳಬೇಡಿ. ಕರುಳು ಹೊರಗೆ ಬಂದಿದ್ರೆ ಒಳಗೆ ತಳ್ಳದೆ, ಉಪ್ಪುನೀರಲ್ಲಿ ನೆನೆಸಿದ ಬಿಳಿ ಪಂಚೆ ಮುಚ್ಚಿ.

ಮಲಗಿದ ಹಸುವನ್ನು ಪಕ್ಕಕ್ಕೆ ಚಾಚಿಕೊಳ್ಳಲು ಬಿಡದೆ, ಹುಲ್ಲಿನ ಮೂಟೆ ಒರಗಿಸಿ ಎದೆ ಮೇಲೆ ಕೂರಿಸಿ. ಇಲ್ಲದಿದ್ರೆ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತೆ. ಬಾಯಿಗೆ ಏನೂ ಹುಯ್ಯಬೇಡಿ. ಕಾಲು ಮುರಿದಿದ್ರೆ ಹಗ್ಗ ಹಾಕಿ ಎಳೆಯಬೇಡಿ. ಸೀಳಿದ ಮೊಲೆಗೆ ಬೇವಿನ ಕಡ್ಡಿ ತೂರಿಸಿದ್ರೆ ಕೆಚ್ಚಲುಬಾವು ಖಂಡಿತ. ನಾಯಿ ಕಚ್ಚಿದ್ರೆ ಕೈಗವಸು ಹಾಕಿಕೊಂಡು ಸೋಪು ಹಚ್ಚಿ 15 ನಿಮಿಷ ಹರಿಯೋ ನೀರಲ್ಲಿ ತೊಳೆದು, ಅವತ್ತೇ ಲಸಿಕೆ ಶುರು ಮಾಡಿಸಿ.

ಇಂಜೆಕ್ಷನ್ ಕೊಡಿಸಿದ ಮೇಲೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ತರಬೇಡಿ. ಒಬ್ಬರ ಹಾಲು ಬೆರೆತು ಎಲ್ಲರ ಹಾಲು ಕೆಡಬಾರದು. ಸಹಕಾರ ಅಂದ್ರೆ ಅದೂ ಹೌದು.

ಹೋದ ವರ್ಷ ನೆರೆಮನೆ ಹಸುವಿಗೆ ಟೆಂಪೋ ಬಡಿದು ಮುಂಗಾಲು ಸೀಳಿತು. ನಾವು ನಾಲ್ಕು ಜನ ಬಟ್ಟೆ ಒತ್ತಿ ಹಿಡಿದು ಕೂತೆವು, ಬೇರೇನೂ ಮಾಡಲಿಲ್ಲ. ಡಾಕ್ಟರು ಬಂದು ಹೊಲಿಗೆ ಹಾಕಿದರು. ಇವತ್ತು ಬೆಳಿಗ್ಗೆಯೂ ಅದರ ಹಾಲು ಡೇರಿಗೆ ಬಂದಿದೆ.

ಆಡಳಿತ ಮಂಡಳಿಗೆ ನಮ್ಮದೊಂದು ವಿನಂತಿ. ಬೆಳ್ಳಿಹಬ್ಬದ ನೆನಪಿಗೆ ಡೇರಿಯಲ್ಲಿ ಒಂದು ಪೆಟ್ಟಿಗೆ ಇಡೋಣ: ಹತ್ತಿ, ಬ್ಯಾಂಡೇಜು, ಅಯೋಡಿನ್ ದ್ರಾವಣ, ಥರ್ಮಾಮೀಟರು, ಕೈಗವಸು, ಟಾರ್ಚು. ಖರ್ಚು ಒಂದು ಹಾರ-ತುರಾಯಿಯಷ್ಟೂ ಆಗಲಿಕ್ಕಿಲ್ಲ. ನಮ್ಮ ಹಸು ಹೋದ ರಾತ್ರಿ ಇಂಥದೊಂದು ಪೆಟ್ಟಿಗೆ, ಇಷ್ಟು ತಿಳಿವಳಿಕೆ ಊರಲ್ಲಿದ್ದಿದ್ರೆ ಈ ಭಾಷಣವೇ ಬೇಕಿರಲಿಲ್ಲ.