ಮರದ ಆಟಿಕೆಗಳು ಮತ್ತು ಐರೋಪ್ಯ ಸುರಕ್ಷತಾ ಗುರುತು



ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ಬಳೆ, ರುದ್ರಾಕ್ಷಿ, ಹಿತ್ತಾಳೆಯ ವಿಗ್ರಹಗಳ ಅಂಗಡಿಗಳ ನಡುವೆ ಮರದ ಆಟಿಕೆಗಳ ಅಂಗಡಿಗಳೂ ಇವೆ. ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಹೊಳೆಯುವ ಗಿಲಕಿ, ಬುಗುರಿ, ಪುಟ್ಟ ಅಡುಗೆ ಸಾಮಾನುಗಳನ್ನು ಕಂಡ ಕರ್ನಾಟಕದ ಯಾತ್ರಿಕರಿಗೆ ಚನ್ನಪಟ್ಟಣದ ನೆನಪಾಗುವುದು ಸಹಜ. ವಾರಾಣಸಿಯ ಕಾಶ್ಮೀರಿಗಂಜ್, ಖೋಜ್ವಾಂ ಮೊದಲಾದ ಬಡಾವಣೆಗಳ ಕುಶಲಕರ್ಮಿಗಳೂ ಚನ್ನಪಟ್ಟಣದವರೂ ಅನುಸರಿಸುವ ವಿಧಾನ ಮೂಲತಃ ಒಂದೇ. ತಿರುಗಣಿ ಯಂತ್ರದ ಮೇಲೆ ಸುತ್ತುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರವನ್ನು ಆವರಿಸುತ್ತದೆ. ಎರಡೂ ಊರುಗಳ ಉತ್ಪನ್ನಗಳು ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿವೆ.

ಈ ಆಟಿಕೆ ಯಾತ್ರಿಕನ ಚೀಲವನ್ನು ಸೇರಿದರೆ ಯಾವ ತೊಡಕೂ ಇಲ್ಲ. ಅದೇ ವಸ್ತು ಪೆಟ್ಟಿಗೆಯೊಳಗೆ ಸೇರಿ ಜರ್ಮನಿಗೋ ಫ್ರಾನ್ಸಿಗೋ ಮಾರಾಟಕ್ಕೆ ಹೊರಟಾಗ ಮಾತ್ರ ‘ಸಿಇ’ ಎಂಬ ಎರಡಕ್ಷರದ ಗುರುತಿನ ಪ್ರಶ್ನೆ ಎದುರಾಗುತ್ತದೆ.

ಈ ಗುರುತಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಇದು ಗುಣಮಟ್ಟದ ಪ್ರಶಸ್ತಿಯಲ್ಲ, ತಯಾರಾದ ದೇಶವನ್ನು ಸೂಚಿಸುವ ಚಿಹ್ನೆಯೂ ಅಲ್ಲ. ಐರೋಪ್ಯ ಒಕ್ಕೂಟದ ಕಾನೂನು ವಿಧಿಸಿರುವ ಸುರಕ್ಷತೆಯ ಅಗತ್ಯಗಳನ್ನು ಈ ವಸ್ತು ಪೂರೈಸುತ್ತದೆ ಎಂದು ತಯಾರಕನೇ ತನ್ನ ಹೊಣೆಯ ಮೇಲೆ ಮಾಡುವ ಘೋಷಣೆ. ಮರದ ಎಲ್ಲ ವಸ್ತುಗಳಿಗೂ ಇದು ಬೇಕಿಲ್ಲ. ಕಟ್ಟಡಗಳಲ್ಲಿ ಬಳಸುವ ಮರದ ಹಲಗೆಗಳಿಗೆ ಬೇಕು, ಆಟಿಕೆಗಳಿಗೆ ಬೇಕು. ಸಾಮಾನ್ಯ ಕುರ್ಚಿ ಮೇಜುಗಳಿಗೆ ಬೇಡ. ಅದೇ ಗಲ್ಲಿಯಲ್ಲಿ ಮಾರುವ ಮರದ ಸಿಂಧೂರದ ಭರಣಿ ಆಟಿಕೆಯಲ್ಲವಾದ್ದರಿಂದ ಅದಕ್ಕೆ ಸಿಇ ಗುರುತನ್ನು ಹಾಕಲೇಬಾರದು. ಅನ್ವಯಿಸದ ವಸ್ತುವಿಗೆ ಗುರುತು ಹಾಕುವುದೂ ಅಪರಾಧವೇ. ಅಂತಹ ವಸ್ತುಗಳಿಗೆ 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿರುವ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮಾವಳಿ ಅನ್ವಯಿಸುತ್ತದೆ.

ಆಟಿಕೆಗಳ ವಿಷಯದಲ್ಲಿ ಮೊದಲ ಐರೋಪ್ಯ ನಿರ್ದೇಶನ ಹೊರಟದ್ದು 1988ರಲ್ಲಿ. ಅದರ ಸ್ಥಾನದಲ್ಲಿ ಬಂದದ್ದು 2009ರ ನಿರ್ದೇಶನ. ಇದರ ಅಗತ್ಯಗಳನ್ನು ಪರೀಕ್ಷೆಗಳ ಭಾಷೆಗೆ ಇಳಿಸಿರುವುದು ‘ಇಎನ್ 71’ ಎಂಬ ಮಾನಕಗಳ ಸರಣಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಗಂಟಲಲ್ಲಿ ಸಿಕ್ಕಿಕೊಳ್ಳುವಂತಹ ಸಣ್ಣ ಭಾಗ ಕಳಚಿ ಬರಬಾರದು. ಮರದ ಬಂಡಿಯ ಚಕ್ರವನ್ನು 90 ನ್ಯೂಟನ್, ಅಂದರೆ ಸುಮಾರು 9 ಕಿಲೋಗ್ರಾಂ ತೂಕ ಜೋತುಬಿದ್ದಷ್ಟು ಬಲದಿಂದ ಎಳೆದು ನೋಡುತ್ತಾರೆ. ಅಂಟಿನಿಂದ ಜೋಡಿಸಿದ ಆಟಿಕೆಯನ್ನು ಪದೇ ಪದೇ ನೀರಿನಲ್ಲಿ ಮುಳುಗಿಸುತ್ತಾರೆ. ಅಂಚಿನಲ್ಲಿ ಸಿಬಿರು ಇರಕೂಡದು. ಕೈಪಳಗಿದ ಕುಶಲಕರ್ಮಿಗೆ ಇವು ದೊಡ್ಡ ಅಡ್ಡಿಗಳಲ್ಲ. ನಿಜವಾದ ಕಷ್ಟವಿರುವುದು ಬಣ್ಣದಲ್ಲಿ.

ಮಗು ಆಟಿಕೆಯನ್ನು ಬಾಯಿಗಿಡುತ್ತದೆ. ಹಲ್ಲು ಬರುವ ಕಾಲದಲ್ಲಿ ಕಚ್ಚಿ ಕೆರೆಯುತ್ತದೆ. ಆದುದರಿಂದ ಕೆರೆದು ತೆಗೆದ ಬಣ್ಣದ ಪದರದಿಂದ ಜಠರರಸದಂತಹ ಆಮ್ಲಕ್ಕೆ ಎಷ್ಟು ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್ ಮುಂತಾದವು ಇಳಿಯುತ್ತವೆ ಎಂಬುದನ್ನು ಅಳೆಯುತ್ತಾರೆ. ಸೀಸಕ್ಕೆ ಹಿಂದೆ ಇದ್ದ ಮಿತಿ ಕಿಲೋಗ್ರಾಮಿಗೆ 160 ಮಿಲಿಗ್ರಾಂ. 2018ರ ಅಕ್ಟೋಬರ್ 28ರಿಂದ ಅದು 23ಕ್ಕೆ ಇಳಿದಿದೆ. ಸೀಸವು ಬೆಳೆಯುವ ಮಗುವಿನ ಮಿದುಳಿಗೆ ಹಾನಿ ಮಾಡುತ್ತದೆ, ಅದಕ್ಕೆ ನಿರಪಾಯಕರವಾದ ಪ್ರಮಾಣವೆಂಬುದು ಕಂಡುಬಂದಿಲ್ಲ ಎಂಬುದೇ ಈ ಬಿಗಿಗೆ ಕಾರಣ. ಇದನ್ನು ಪರದೇಶದವರ ಅತಿರೇಕವೆಂದು ಬದಿಗೊತ್ತುವಂತಿಲ್ಲ. ಕಾಶಿಯ ಮಗುವಿನ ಮಿದುಳೂ ಬರ್ಲಿನ್ನಿನ ಮಗುವಿನದರಷ್ಟೇ ಕೋಮಲ.

‘ನಮ್ಮದು ನೈಸರ್ಗಿಕ ಬಣ್ಣ’ ಎಂಬ ಉತ್ತರವೂ ಸಾಲದು. ಅರಿಶಿನ, ನೀಲಿಗಳಿಗೆ ಹೆದರಬೇಕಿಲ್ಲ. ಆದರೆ ಪರಂಪರೆಯ ವರ್ಣದ್ರವ್ಯಗಳಲ್ಲಿ ಹರಿತಾಳವೆಂಬುದು ಆರ್ಸೆನಿಕ್‌ನ ಸಂಯುಕ್ತ, ಇಂಗಳೀಕ ಪಾದರಸದ್ದು, ಕೆಂಪು ಸಿಂಧೂರ ಸೀಸದ್ದು. ಹಳೆಯದೆಂಬ ಮಾತ್ರಕ್ಕೆ ನಿರ್ದೋಷಿಯಾಗದು. ಪೇಟೆಯಲ್ಲಿ ಬಿಡಿಯಾಗಿ ಕೊಳ್ಳುವ ಪುಡಿಬಣ್ಣದಲ್ಲಿ ಏನಿದೆಯೆಂದು ಮಾರುವವನಿಗೂ ತಿಳಿದಿರುವುದಿಲ್ಲ. ಒಂದು ಆಟಿಕೆಗೆ ಐದು ಬಣ್ಣವಿದ್ದರೆ ಐದನ್ನೂ ಪರೀಕ್ಷಿಸಬೇಕು. ಮುಂದಿನ ತಿಂಗಳು ಬೇರೆ ಅಂಗಡಿಯ ಬಣ್ಣ ಬೆರೆಸಿದರೆ ಹಿಂದಿನ ವರದಿಯಿಂದ ಪ್ರಯೋಜನವಿಲ್ಲ. ಮನೆಯ ಪಡಸಾಲೆಯಲ್ಲಿ ತಿರುಗಣಿ ಇಟ್ಟುಕೊಂಡ ಕುಟುಂಬಕ್ಕೆ ಈ ವೆಚ್ಚ ಭಾರವೇ. ಹಲವು ಕುಟುಂಬಗಳು ಒಟ್ಟಾಗಿ ಒಂದೇ ಕಡೆ ಅರಗಿನ ಕಡ್ಡಿಗಳನ್ನು ತಯಾರಿಸಿ, ಪ್ರತಿ ಪಾಕಕ್ಕೂ ಸಂಖ್ಯೆ ಕೊಟ್ಟು, ಪಾಕವನ್ನೇ ಪರೀಕ್ಷಿಸಿ ಹಂಚಿಕೊಂಡರೆ ವೆಚ್ಚವೂ ಹಂಚಿಹೋಗುತ್ತದೆ.

ಇಲ್ಲಿ ಸ್ವದೇಶದ ಕಾನೂನಿನ ಒಂದು ಅಂಶ ಗಮನಾರ್ಹ. 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶದಂತೆ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು ಕಡ್ಡಾಯ. ಆದರೆ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಇದೆ. ಐರೋಪ್ಯ ಕಾನೂನಿನಲ್ಲಿ ಅಂತಹ ವಿನಾಯಿತಿಯಿಲ್ಲ. ಕೈಯಿಂದ ಕಡೆದ ಬುಗುರಿಗೂ ಕಾರ್ಖಾನೆಯ ಬೊಂಬೆಗೂ ಒಂದೇ ನಿಯಮ. ವಿನಾಯಿತಿಯ ನೆರಳಿನಲ್ಲಿ ಪರೀಕ್ಷೆಯನ್ನೇ ಕಾಣದ ಸರಕು ರಫ್ತಿನ ಹೊತ್ತಿಗೆ ಸಿಕ್ಕಿಬೀಳುವುದು ಹೀಗೆ. ಐಎಸ್‌ಐ ಗುರುತಿದ್ದರೂ ಸಾಲದು, ಏಕೆಂದರೆ ಸೀಸಕ್ಕೆ ಭಾರತೀಯ ಮಾನಕದ ಮಿತಿ 90 ಮಿಲಿಗ್ರಾಂ.

‘ಅಲಂಕಾರಕ್ಕೆ ಮಾತ್ರ’ ಎಂಬ ಚೀಟಿ ಅಂಟಿಸಿ ಪಾರಾಗುವ ಉಪಾಯವೂ ನಡೆಯದು. ನೋಡಿದೊಡನೆ ಮಗುವಿನ ಕೈ ಚಾಚುವಂತಹ ವಸ್ತುವನ್ನು ಅಧಿಕಾರಿಗಳು ಆಟಿಕೆಯೆಂದೇ ಪರಿಗಣಿಸುತ್ತಾರೆ.

ಕಾಗದಪತ್ರಗಳ ಕ್ರಮ ಇಷ್ಟು: ಮಾನಕವನ್ನು ಪೂರ್ಣವಾಗಿ ಅನುಸರಿಸಿದ್ದರೆ ತಯಾರಕನು ತಾನೇ ಅನುಸರಣಾ ಘೋಷಣೆಗೆ ಸಹಿ ಮಾಡಬಹುದು, ಇಲ್ಲವಾದರೆ ಅಧಿಸೂಚಿತ ಸಂಸ್ಥೆಯಿಂದ ಮಾದರಿ ಪರೀಕ್ಷೆ ಆಗಬೇಕು. ಗುರುತಿನ ಎತ್ತರ ಕನಿಷ್ಠ 5 ಮಿಲಿಮೀಟರ್. ತಾಂತ್ರಿಕ ದಾಖಲೆಗಳನ್ನು 10 ವರ್ಷ ಕಾಪಾಡಬೇಕು. ಆಮದುದಾರನು ತನ್ನ ಹೆಸರಿನಲ್ಲೇ ಮಾರಿದರೆ ಕಾನೂನಿನ ಕಣ್ಣಿಗೆ ತಯಾರಕನು ಅವನೇ. ಆದರೂ ವರದಿಗಳನ್ನು ಅವನು ಕೇಳುವುದು ಇಲ್ಲಿಯ ಕುಶಲಕರ್ಮಿಯನ್ನೇ.

2025ರಲ್ಲಿ ಐರೋಪ್ಯ ಒಕ್ಕೂಟವು ಆಟಿಕೆಗಳಿಗಾಗಿ ಹೊಸ ನಿಯಮಾವಳಿಯನ್ನು ಅಂಗೀಕರಿಸಿದ್ದು, ಅದು 2030ರಲ್ಲಿ ಅನ್ವಯಕ್ಕೆ ಬರಲಿದೆ. ಆಗ ಕಾಗದದ ಘೋಷಣೆಯ ಬದಲು ಪ್ರತಿ ಮಾದರಿಗೂ ಡಿಜಿಟಲ್ ಪಾಸ್‌ಪೋರ್ಟ್ ಇರಬೇಕಾಗುತ್ತದೆ. ಯಾವ ಬುಗುರಿಗೆ ಯಾವ ಪಾಕದ ಅರಗು ಬಳಕೆಯಾಯಿತೆಂದು ಇಂದೇ ಒಂದು ಪುಸ್ತಕದಲ್ಲಿ ಬರೆದಿಡುವ ಕುಶಲಕರ್ಮಿಗೆ ಆ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ.