ಮಲ್ಲಿಗೆಗೂ ಮಧ್ಯಾಹ್ನದ ರಜೆ

 

ಶಂಕರಪುರ ಮಲ್ಲಿಗೆಯನ್ನು ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರಿ ಸಂಸಾರ ಸಾಗಿಸುವ ಮನೆಗಳನ್ನು ಉಡುಪಿ ಕಡೆ ನಾವೆಲ್ಲ ಕಂಡವರು. ಅದೇ ಜಾತಿಯ ಗಿಡವನ್ನು ಇಲ್ಲಿನವರು ‘ರಾಝ್ಕಿ’ ಅಂತಾರೆ. ಊರಿಂದ ಹೊತ್ತು ತರುವುದೇ ಬೇಡ, ಅಲ್ ರಾಯ್‌ನ ನರ್ಸರಿಗಳಲ್ಲಿ ವಿಚಾರಿಸಿ.

ಆದರೆ ಊರಿನ ಮಳೆ, ತಂಪು ಇಲ್ಲಿಲ್ಲ. 2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಆದ್ದರಿಂದ ಗಿಡಕ್ಕೆ ಬೆಳಗಿನ ಬಿಸಿಲು ಕೊಡಿ, ಮಧ್ಯಾಹ್ನ ನೆರಳು ಕೊಡಿ. ಕುಂಡಕ್ಕೆ ಗೋಣಿ ಸುತ್ತಿ, ಬೇರು ಬೇಯುವುದಿಲ್ಲ. ಮಧ್ಯಾಹ್ನ ಟ್ಯಾಂಕಿಯ ನೀರು ಕುದಿಯುವಂತಿರುತ್ತದೆ, ಹಾಕಬೇಡಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಬಕೆಟಿನಲ್ಲಿ ಹಿಡಿದಿಟ್ಟು ಬೆಳಿಗ್ಗೆ ಬೇಗ ಹಾಕಿ. ಅದರಲ್ಲಿ ಉಪ್ಪಿನಂಶ ಇಲ್ಲವೆನ್ನುವಷ್ಟು ಕಡಿಮೆ. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ಅದು ಉಪ್ಪು. ತೂತಿನಿಂದ ಹರಿದು ಹೋಗುವಷ್ಟು ನೀರು ಹೊಯ್ದು ತೊಳೆಯಿರಿ. ಚಳಿಗಾಲದಲ್ಲಿ ನೀರು ಕಡಿಮೆ, ಗೊಬ್ಬರ ಬೇಡ. ಫೆಬ್ರವರಿ ಕೊನೆಗೆ ಕೊಂಬೆ ಸವರಿ. ಮೊಗ್ಗು ಬರುವುದು ಹೊಸ ಚಿಗುರಿನಲ್ಲೇ.

ಇನ್ನೊಂದು ಮಾತು. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಈ ದೇಶದ ಕಾನೂನೇ ಇದೆ. ಗಿಡವನ್ನು ನೆರಳಿಗೆ ಸರಿಸುವ ನಾವು ನಮ್ಮ ಮೈಯನ್ನು ಮರೆಯುವುದು ಸರಿಯಾ? ಆ ಹೊತ್ತಿನಲ್ಲಿ ಯಾರನ್ನಾದರೂ ದುಡಿಸುತ್ತಿದ್ದರೆ ನಮಗೆ ತಿಳಿಸಿ. ದೂರು ಕೊಡಲು ಜೊತೆಗೆ ಬರುತ್ತೇವೆ. ಹೂವಿಗಾಗಿ ಊರಿನಲ್ಲಿ ಕಾಯುವವರಿಲ್ಲ, ನಮಗಾಗಿ ಇದ್ದಾರೆ.