ಸೂರಿನ ಆಸೆ, ಸಾಲದ ಲೆಕ್ಕ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಕಷ್ಟವಿದ್ದದ್ದು ಕಟ್ಟುವುದರಲ್ಲಿ. ಬೆಂಗಳೂರಿನಂಥ ನಗರದಲ್ಲಿ ಕಷ್ಟ ಶುರುವಾಗುವುದೇ ಜಾಗದಿಂದ. ಇಟ್ಟಿಗೆ, ಸಿಮೆಂಟು, ಕಬ್ಬಿಣದ ಬೆಲೆ ಹೊಸಕೋಟೆಯಲ್ಲೂ ಜಯನಗರದಲ್ಲೂ ಹೆಚ್ಚುಕಡಿಮೆ ಒಂದೇ. ನಿವೇಶನದ ಬೆಲೆಗೆ ಮಾತ್ರ ಅಜಗಜಾಂತರ. ಹಾಗಾಗಿ ಬಡವರ ಮನೆಯ ಪ್ರಶ್ನೆ ಎಂದರೆ ಮೊದಲಿಗೆ, ನೆಲದ ಬೆಲೆಯನ್ನು ಯಾರು ಹೊರಬೇಕು ಎಂಬ ಪ್ರಶ್ನೆ.

1898ರ ಪ್ಲೇಗ್ ಮಾರಿಯ ನಂತರ ಮೈಸೂರು ಸರ್ಕಾರ ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿತು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಬಂತು. 1976ರಲ್ಲಿ ಅದರ ಜಾಗಕ್ಕೆ ಬಿಡಿಎ. ಈ ಸಂಸ್ಥೆಗಳು ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಂಡು ಪೇಟೆ ದರಕ್ಕಿಂತ ಕಡಿಮೆಗೆ ನಿವೇಶನ ಹಂಚಿದವು. ಅಂದರೆ ನೆಲದ ಹೊರೆಯಲ್ಲಿ ದೊಡ್ಡ ಪಾಲು ರೈತನ ಹೆಗಲ ಮೇಲೆ ಬಿತ್ತು. ಲಾಭ ಪಡೆದವರು ನಿವೇಶನಕ್ಕೆ ಹಣ ಕಟ್ಟಿ, ಮೇಲೆ ಮನೆಯನ್ನೂ ಕಟ್ಟಬಲ್ಲವರು. ಇನ್ನು ಎಚ್‌ಎಎಲ್, ಬಿಇಎಲ್, ಎಚ್‌ಎಂಟಿಗಳು ತಮ್ಮ ಕಾರ್ಮಿಕರಿಗಾಗಿ ವಸತಿ ಕಾಲೊನಿಗಳನ್ನೇ ಕಟ್ಟಿದವು. ಸಿದ್ಧ ಉಡುಪಿನ ಕಾರ್ಖಾನೆಯ ಹೆಣ್ಣುಮಗಳಿಗೆ, ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ ಅಂಥ ಭಾಗ್ಯವಿಲ್ಲ.

ಇನ್ನು ಸಾಲದ ಮಾತು. ಒಂದು ಕಾಲದಲ್ಲಿ ಸಂಬಳದಾರ ಮನೆ ಕಟ್ಟುತ್ತಿದ್ದುದು ಭವಿಷ್ಯನಿಧಿ ಮತ್ತು ಹೆಂಡತಿಯ ಒಡವೆಗಳನ್ನು ನಂಬಿ. ಅದೂ ನಿವೃತ್ತಿಯ ಹೊತ್ತಿಗೆ. 1970ರಲ್ಲಿ ಹುಡ್ಕೊ, 1977ರಲ್ಲಿ ಎಚ್‌ಡಿಎಫ್‌ಸಿ, 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಸ್ಥಾಪನೆಯಾದವು. ಗೃಹಸಾಲ ಮಧ್ಯಮ ವರ್ಗದ ಮನೆಮಾತಾಯಿತು. ಅದಕ್ಕಿಂತ ಕೆಳಗಿನವರಿಗೆ ಇದು ಯಾಕೆ ಇಳಿಯಲಿಲ್ಲ?

ಸ್ವಲ್ಪ ಲೆಕ್ಕ ನೋಡೋಣ. 10 ಲಕ್ಷ ರೂಪಾಯಿ ಸಾಲಕ್ಕೆ ಶೇ 9ರ ಬಡ್ಡಿಯಂತೆ 20 ವರ್ಷದ ಅವಧಿ ಹಿಡಿದರೆ ತಿಂಗಳ ಕಂತು ಸುಮಾರು 9,000 ರೂಪಾಯಿ. ಒಟ್ಟು ಕಟ್ಟುವುದು 21.6 ಲಕ್ಷ. ಅವಧಿಯನ್ನು 30 ವರ್ಷಕ್ಕೆ ಹಿಗ್ಗಿಸಿದರೆ ಕಂತು ಇಳಿಯುವುದು ಸುಮಾರು 950 ರೂಪಾಯಿ ಮಾತ್ರ. ಕಟ್ಟುವ ಒಟ್ಟು ಹಣವೋ 29 ಲಕ್ಷದ ಹತ್ತಿರಕ್ಕೆ ಏರುತ್ತದೆ. ಅಂದರೆ ಅವಧಿ ಹೆಚ್ಚಿಸುವುದು ಬಡವನಿಗೆ ಪರಿಹಾರವಲ್ಲ. ಕಂತು ಆದಾಯದ ಶೇ 40ನ್ನು ಮೀರಬಾರದೆಂದು ಇಟ್ಟುಕೊಂಡರೂ 9,000ದ ಕಂತಿಗೆ 22,500 ರೂಪಾಯಿ ಮಾಸಿಕ ಆದಾಯ ಬೇಕು. 10 ಲಕ್ಷಕ್ಕೆ ಈ ನಗರದಲ್ಲಿ ಎಂಥ ಮನೆ ಸಿಕ್ಕೀತು ಎಂಬುದು ಬೇರೆ ಮಾತು.

ಆದಾಯ ಇದ್ದರಷ್ಟೇ ಸಾಲದು, ಅದು ಕಾಗದದ ಮೇಲೆ ಕಾಣಬೇಕು. ತರಕಾರಿ ಗಾಡಿಯವನು, ಆಟೊ ಚಾಲಕ, ನಾಲ್ಕು ಮನೆಯ ಪಾತ್ರೆ ತೊಳೆಯುವಾಕೆ ತಿಂಗಳಿಗೆ ದುಡಿಯುವುದು ನಿಜ. ಸಂಬಳದ ಚೀಟಿ ತೋರಿಸೆಂದರೆ ಎಲ್ಲಿಂದ ತರಬೇಕು? ಜಾಗದ ಪತ್ರದ್ದೂ ಇದೇ ಪಾಡು. ಕೈಗೆಟಕುವ ದರಕ್ಕೆ ಸಿಗುವುದು ಬಹುಪಾಲು ರೆವಿನ್ಯೂ ನಿವೇಶನ, ಬಿ ಖಾತೆಯ ಆಸ್ತಿ. ಅದಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಅಗ್ಗದ ಜಾಗಕ್ಕೆ ದುಬಾರಿ ಸಾಲ, ದುಬಾರಿ ಜಾಗಕ್ಕೆ ಅಗ್ಗದ ಸಾಲ ಎಂಬ ವಿಪರ್ಯಾಸ ಹುಟ್ಟುವುದು ಇಲ್ಲಿಯೇ.

ಬ್ಯಾಂಕು ಬಾಗಿಲು ಮುಚ್ಚಿದಲ್ಲಿ ಜನ ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ. ಚೀಟಿ ಎತ್ತುತ್ತಾರೆ, ಒಡವೆ ಅಡವಿಡುತ್ತಾರೆ, ಮೊದಲು ಒಂದು ಕೋಣೆ ಹಾಕಿ, ಹತ್ತು ವರ್ಷದ ಮೇಲೆ ಮಹಡಿ ಎಬ್ಬಿಸುತ್ತಾರೆ. ಬೆಂಗಳೂರಿನ ಭೋಗ್ಯ ಪದ್ಧತಿ ಇವುಗಳಲ್ಲಿ ವಿಶಿಷ್ಟ. ಬಾಡಿಗೆದಾರ ಕೆಲವು ಲಕ್ಷಗಳನ್ನು ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾನೆ. ಬಿಡುವಾಗ ಅಸಲು ವಾಪಸು. ಆ ಹಣದಿಂದ ಮಾಲೀಕ ಮೇಲಿನ ಮಹಡಿ ಕಟ್ಟುತ್ತಾನೆ. ಲೆಕ್ಕಕ್ಕೆ ನೋಡಿದರೆ ಬಾಡಿಗೆದಾರನೇ ಮಾಲೀಕನಿಗೆ ಬ್ಯಾಂಕು. ಆದರೆ ಮಾಲೀಕ ಕೈಯೆತ್ತಿದರೆ, ಅಥವಾ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ, ಜೀವಮಾನದ ಉಳಿತಾಯ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ.

ಸರ್ಕಾರದ ಸಹಾಯಧನ ಇಲ್ಲವೆಂದಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ, ಪಾಲುದಾರಿಕೆಯಲ್ಲಿ ಕಟ್ಟುವ ಬಡವರ ಮನೆಗೆ ಕೇಂದ್ರದ ಪಾಲು 1.5 ಲಕ್ಷ ರೂಪಾಯಿ ಇತ್ತು. 2024ರ ಎರಡನೇ ಆವೃತ್ತಿಯಲ್ಲೂ ಕರ್ನಾಟಕದಂಥ ರಾಜ್ಯಗಳಿಗೆ ಅದು 1.5 ಲಕ್ಷವಾಗಿಯೇ ಉಳಿಯಿತು. ರಾಜ್ಯವೂ ತನ್ನ ಪಾಲು ಸೇರಿಸುತ್ತದೆ. ಉಳಿದದ್ದು ಫಲಾನುಭವಿಯ ವಂತಿಗೆ. ಅದನ್ನು ಹೊಂದಿಸಲು ಆತ ಹೋಗಬೇಕಾದದ್ದು ಮತ್ತೆ ಅದೇ ಬ್ಯಾಂಕಿಗೆ. ಅಲ್ಲಿ ಕೇಳುವುದು ಮತ್ತೆ ಅದೇ ಸಂಬಳದ ಚೀಟಿ. ಜಾಗ ಅಗ್ಗವೆಂದು ಮನೆಗಳನ್ನು ಊರಾಚೆ ಕಟ್ಟಿದರೆ, ಬಾಡಿಗೆಯಲ್ಲಿ ಉಳಿದದ್ದು ಬಸ್ಸಿಗೆ ಹೋಗುತ್ತದೆ.

ಆದ್ದರಿಂದ ಬಡ್ಡಿ ಇಳಿಸುವುದೊಂದೇ ಸಾಲದು. ಚೀಟಿ ಕಟ್ಟಿದ, ಬಾಡಿಗೆ ತಪ್ಪಿಸದ ಶಿಸ್ತನ್ನು ಆದಾಯದ ಸಾಕ್ಷಿಯೆಂದು ಒಪ್ಪಬೇಕು. ಸಾಲಕ್ಕೆ ಸರ್ಕಾರದ ಖಾತರಿ ಬೇಕು. ನಗರದೊಳಗೆ ಉಳಿದಿರುವ ಸಾರ್ವಜನಿಕ ಜಮೀನನ್ನು ಹರಾಜು ಹಾಕುವ ಮುನ್ನ, ಅಲ್ಲಿ ಬಾಡಿಗೆ ಮನೆಗಳನ್ನಾದರೂ ಕಟ್ಟಬಹುದೇ ಎಂದು ನೋಡಬೇಕು. ಹರಾಜಿನ ಹಣ ಒಂದು ವರ್ಷದ ಬಜೆಟ್ಟಿಗೆ ಬಂದು ಹೋಗುತ್ತದೆ. ಕೈಬಿಟ್ಟ ಜಾಗ ಮತ್ತೆ ಆ ಬೆಲೆಗೆ ಸಿಗುವುದಿಲ್ಲ.